ಓದುಗರ ಪ್ರಶ್ನೆ: ಕುರ್ಚಿ ಯಾರದು, ಅಧಿಕಾರ ಯಾರದು?

ಪ್ರಶ್ನೆ: ಅಮೆರಿಕದಂತೆ ಜರ್ಮನಿಗೂ ಅಧ್ಯಕ್ಷರಿದ್ದಾರೆ. ಆದರೆ ಜರ್ಮನಿಯ ಸುದ್ದಿ ಎಂದರೆ ಕಾಣಿಸುವುದು ಸರ್ಕಾರದ ಮುಖ್ಯಸ್ಥರಾದ ಚಾನ್ಸಲರ್ ಮಾತ್ರ. ಅಧ್ಯಕ್ಷರಿಗೆ ನಿಜವಾದ ಅಧಿಕಾರ ಇದೆಯೋ ಇಲ್ಲವೋ ತಿಳಿಯುವುದು ಹೇಗೆ?

ಉತ್ತರ: ಹುದ್ದೆಯ ಹೆಸರು ನೋಡಿ ನಿರ್ಧರಿಸಬೇಡಿ. ಆ ದೇಶದ ಸಂವಿಧಾನದಲ್ಲಿ ಎರಡು ಸಂಗತಿ ಹುಡುಕಿ: ಅಧ್ಯಕ್ಷರ ಆದೇಶಕ್ಕೆ ಇನ್ನೊಬ್ಬರ ಸಹಿ ಬೇಕೇ? ಸಂಸತ್ತು ಅವರನ್ನು ಯಾವ ದಾರಿಯಲ್ಲಿ ಇಳಿಸಬಹುದು?

ಜರ್ಮನಿಯ ಮೂಲ ಕಾನೂನಿನ (ಅಲ್ಲಿನ ಸಂವಿಧಾನ) 58ನೇ ವಿಧಿಯಂತೆ, ಚಾನ್ಸಲರ್ ಅಥವಾ ಸಂಬಂಧಪಟ್ಟ ಸಚಿವರ ಸಹಿ ಬೀಳದಿದ್ದರೆ ಅಧ್ಯಕ್ಷರ ಆದೇಶಕ್ಕೆ ಬೆಲೆಯಿಲ್ಲ. ಚಾನ್ಸಲರ್ ನೇಮಕದಂಥ ಕೆಲವೇ ಸಂದರ್ಭಗಳು ಇದಕ್ಕೆ ಹೊರತು. ಅಮೆರಿಕದಲ್ಲಿ ಎರಡನೇ ಸಹಿಯ ಕಟ್ಟುಪಾಡೂ ಇಲ್ಲ, ಅವಿಶ್ವಾಸ ನಿರ್ಣಯವೂ ಇಲ್ಲ. ಇರುವುದು ವಾಗ್ದಂಡನೆ ಮಾತ್ರ: ಕೆಳಮನೆಯಾದ ಪ್ರತಿನಿಧಿ ಸಭೆ ಸರಳ ಬಹುಮತದಿಂದ ದೋಷಾರೋಪ ಹೊರಿಸಬೇಕು, ಮೇಲ್ಮನೆಯಾದ ಸೆನೆಟ್‌ನಲ್ಲಿ ಮೂರನೇ ಎರಡರಷ್ಟು ಮತ ಬೀಳಬೇಕು. 1868ರಲ್ಲಿ ಆಂಡ್ರ್ಯೂ ಜಾನ್ಸನ್ ವಿರುದ್ಧ 35 ಮತ ಬಿದ್ದವು, ಬೇಕಿದ್ದದ್ದು 36. ಸೆನೆಟ್ ಇಂದಿನವರೆಗೆ ಒಬ್ಬ ಅಧ್ಯಕ್ಷರನ್ನೂ ತಪ್ಪಿತಸ್ಥರೆಂದು ಇಳಿಸಿಲ್ಲ.

ಹೆಚ್ಚು ಜನ ಎಡವುವುದು ದಕ್ಷಿಣ ಆಫ್ರಿಕಾದ ವಿಷಯದಲ್ಲಿ. ಅಲ್ಲಿನ ಅಧ್ಯಕ್ಷರನ್ನು ಜನ ನೇರವಾಗಿ ಆರಿಸುವುದಿಲ್ಲ, ಸಂಸತ್ತಿನ ಕೆಳಮನೆಯಾದ ನ್ಯಾಷನಲ್ ಅಸೆಂಬ್ಲಿ ಆರಿಸುತ್ತದೆ. ಅದೇ ಸಭೆ ಅವಿಶ್ವಾಸ ನಿರ್ಣಯದಿಂದ ಮನೆಗೂ ಕಳಿಸಬಹುದು. ಹೆಸರು ಅಧ್ಯಕ್ಷ, ನಡೆ ಪ್ರಧಾನಿಯದು.

ಫ್ರಾನ್ಸ್‌ನದು ಇನ್ನೊಂದು ಬಗೆ. ಸಂಸತ್ತಿನಲ್ಲಿ ಬಹುಮತ ಇರುವಷ್ಟು ದಿನ ಅಧ್ಯಕ್ಷರ ಮಾತೇ ಅಂತಿಮ. ಅದು ಕೈತಪ್ಪಿದರೆ ಒಳಾಡಳಿತವೆಲ್ಲ ಪ್ರಧಾನಿಯ ಕಡೆ ಸರಿಯುತ್ತದೆ. 1986, 1993 ಮತ್ತು 1997ರಲ್ಲಿ ಹೀಗೆಯೇ ಆಗಿ, ಅಧ್ಯಕ್ಷರು ಎದುರು ಪಾಳಯದವರನ್ನು ಪ್ರಧಾನಿ ಮಾಡಬೇಕಾಯಿತು. 2000ದ ಜನಮತಗಣನೆಯಲ್ಲಿ ಅವಧಿಯನ್ನು 7 ವರ್ಷದಿಂದ 5ಕ್ಕೆ ಇಳಿಸಿದ್ದಕ್ಕೆ ಈ ಇಕ್ಕಟ್ಟೂ ಒಂದು ಕಾರಣ.

ಪ್ರಶ್ನೆ: ಅಮೆರಿಕದಲ್ಲಿ ಯಾರಿಗೂ 270 ಎಲೆಕ್ಟೋರಲ್ ಮತ ಸಿಗದಿದ್ದರೆ ಮರುಚುನಾವಣೆಯೇ?

ಉತ್ತರ: ಅಲ್ಲ. ಎಲೆಕ್ಟೋರಲ್ ಮತ ಎಂದರೆ ರಾಜ್ಯವಾರು ಆಯ್ಕೆಯಾದ ಪ್ರತಿನಿಧಿಗಳು ಅಧ್ಯಕ್ಷರ ಆಯ್ಕೆಗೆ ಹಾಕುವ ಮತ. ಒಟ್ಟು ಮತ 538 ಆದ್ದರಿಂದ 269-269 ಸಮಬಲವೂ ಸಾಧ್ಯ. ಆಗ ಸಂವಿಧಾನದ 12ನೇ ತಿದ್ದುಪಡಿಯಂತೆ ಆಯ್ಕೆ ಪ್ರತಿನಿಧಿ ಸಭೆಗೆ ಹೋಗುತ್ತದೆ. ಅದೂ ಜನವರಿ 3ರಂದು ಸೇರುವ ಹೊಸ ಸಭೆಗೆ. ಮೊದಲ ಮೂವರು ಮಾತ್ರ ಕಣದಲ್ಲಿ ಉಳಿಯುತ್ತಾರೆ. ಸದಸ್ಯರೆಷ್ಟೇ ಇರಲಿ, ರಾಜ್ಯಕ್ಕೆ ಒಂದೇ ಮತ. 52 ಸದಸ್ಯರ ಕ್ಯಾಲಿಫೋರ್ನಿಯಾಕ್ಕೂ ಒಂದು, ಒಬ್ಬರೇ ಇರುವ ವಯೋಮಿಂಗ್‌ಗೂ ಒಂದು. ಗೆಲುವಿಗೆ 26 ರಾಜ್ಯ ಬೇಕು. ರಾಜ್ಯದ ಸದಸ್ಯರೇ ಸಮಸಮವಾಗಿ ಒಡೆದರೆ ಆ ರಾಜ್ಯದ ಮತ ಯಾರಿಗೂ ಇಲ್ಲ. ಮೂರು ಎಲೆಕ್ಟೋರಲ್ ಮತಗಳಿರುವ ರಾಜಧಾನಿ ವಾಷಿಂಗ್ಟನ್‌ಗೆ ಇಲ್ಲಿ ಮತವೇ ಇಲ್ಲ. ಆದ್ದರಿಂದ ಸಭೆಯಲ್ಲಿ ಯಾವ ಪಕ್ಷಕ್ಕೆ ಬಹುಮತ ಎಂದು ಲೆಕ್ಕ ಹಾಕಿ ಪ್ರಯೋಜನವಿಲ್ಲ. ಎಷ್ಟು ರಾಜ್ಯಗಳಲ್ಲಿ ಅದರ ಸದಸ್ಯರು ಹೆಚ್ಚಿದ್ದಾರೆ ಎಂದು ಎಣಿಸಬೇಕು.

ಉಪಾಧ್ಯಕ್ಷರನ್ನು ಸೆನೆಟ್ ಮೊದಲ ಇಬ್ಬರಲ್ಲಿ ಆರಿಸುತ್ತದೆ. ಜನವರಿ 20ರ ಮಧ್ಯಾಹ್ನ 12ರೊಳಗೆ ಪ್ರತಿನಿಧಿ ಸಭೆ ತೀರ್ಮಾನಕ್ಕೆ ಬರದಿದ್ದರೆ ಆ ಉಪಾಧ್ಯಕ್ಷರೇ ಹಂಗಾಮಿಯಾಗಿ ಅಧಿಕಾರ ನಡೆಸುತ್ತಾರೆ.

ಈ ತಿದ್ದುಪಡಿ ಬಂದ ಮೇಲೆ ಅಧ್ಯಕ್ಷರ ಆಯ್ಕೆ ಸಭೆಗೆ ಹೋದದ್ದು ಒಮ್ಮೆ ಮಾತ್ರ, 1824ರ ಚುನಾವಣೆಯಲ್ಲಿ. ಆಂಡ್ರ್ಯೂ ಜಾಕ್ಸನ್‌ಗೆ 99, ಜಾನ್ ಕ್ವಿನ್ಸಿ ಆಡಮ್ಸ್‌ಗೆ 84 ಮತ, ಬೇಕಿದ್ದದ್ದು 131. ಸಭೆಯಲ್ಲಿ 24 ರಾಜ್ಯಗಳ ಪೈಕಿ 13 ಆಡಮ್ಸ್ ಕಡೆ ನಿಂತವು. ಮುಂದಿದ್ದ ಜಾಕ್ಸನ್ ಸೋತರು.

ಪ್ರಶ್ನೆ: ಸ್ವಿಟ್ಜರ್ಲೆಂಡ್ ಅಧ್ಯಕ್ಷರ ಹೆಸರು ಪ್ರತಿ ವರ್ಷ ಬದಲಾಗುವುದೇಕೆ?

ಉತ್ತರ: ಅವಧಿಯೇ ಒಂದು ವರ್ಷ. ಏಳು ಮಂದಿಯ ಫೆಡರಲ್ ಕೌನ್ಸಿಲ್ (ಅಲ್ಲಿನ ಸಚಿವ ಸಂಪುಟ) ಒಟ್ಟಾಗಿ ದೇಶದ ಮುಖ್ಯಸ್ಥ ಸ್ಥಾನದಲ್ಲಿದೆ. ಅಧ್ಯಕ್ಷರು ಅದರ ಸಭೆ ನಡೆಸುವವರು, ತಮ್ಮ ಖಾತೆಯನ್ನೂ ಬಿಡುವುದಿಲ್ಲ. ಸ್ಯಾನ್ ಮರಿನೋದಲ್ಲಿ ಇನ್ನೂ ಅವಸರ: ಇಬ್ಬರು ಮುಖ್ಯಸ್ಥರು, ತಲಾ ಆರೇ ತಿಂಗಳು.

ಪ್ರಶ್ನೆ: ನೇರ ಚುನಾವಣೆಯಲ್ಲೂ ಮೊದಲ ಎಣಿಕೆಯಲ್ಲಿ ಮುಂದಿದ್ದವರು ಸೋಲಬಹುದೇ?

ಉತ್ತರ: ಐರ್ಲೆಂಡ್‌ನಲ್ಲಿ 1990ರಲ್ಲಿ ಸೋತರು. ಅಲ್ಲಿ ಮತದಾರರು ಅಭ್ಯರ್ಥಿಗಳ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯುತ್ತಾರೆ. ಬ್ರಯನ್ ಲೆನಿಹನ್ ಮುಂದಿದ್ದರೂ ಅರ್ಧದಷ್ಟು ಮತ ಮುಟ್ಟಲಿಲ್ಲ. ಮೂರನೆಯವರನ್ನು ಕಣದಿಂದ ತೆಗೆದು ಅವರ ಮತಪತ್ರಗಳ 2ನೇ ಪ್ರಾಶಸ್ತ್ಯ ಎಣಿಸಿದಾಗ ಬಹುಪಾಲು ಮೇರಿ ರಾಬಿನ್‌ಸನ್ ಪಾಲಾಯಿತು, ಅವರೇ ಗೆದ್ದರು. ಮೂರನೆಯವರ ಮತಪತ್ರಗಳಲ್ಲಿ ಬರೀ 1 ಬರೆದು ಬಿಟ್ಟಿದ್ದವು ಎರಡನೇ ಎಣಿಕೆಯಲ್ಲಿ ಯಾರ ಪಾಲಿಗೂ ಸೇರಲಿಲ್ಲ.