ಬೇಳದ ಚರ್ಚಿನಲ್ಲಿ ಒಬ್ಬಂಟಿ ಅನ್ನಿಸುವುದಕ್ಕೆ

ಮೈಸೂರಿನಿಂದ ಮದುವೆಯಾಗಿ ಕಾಸರಗೋಡಿನ ಬೇಳಕ್ಕೆ ಬಂದು ಎರಡು ವರ್ಷವಾದರೂ ಚರ್ಚಿನಲ್ಲಿ ಹೊರಗಿನವಳು ಅನ್ನಿಸುತ್ತದೆ ಎಂದಿದ್ದೀರಿ. ಕಾರಣ ಬಹುಶಃ ಭಾಷೆ, ಜನರ ಮನಸ್ಸಲ್ಲ. ಕಾಸರಗೋಡು ಕೇರಳದಲ್ಲಿದ್ದರೂ ನಮ್ಮ ಚರ್ಚು ಮಂಗಳೂರು ಧರ್ಮಪ್ರಾಂತ್ಯದ್ದು. ಪೂಜೆ, ಹಾಡು, ಅಂಗಳದ ಮಾತು ಜಾಸ್ತಿ ಕೊಂಕಣಿಯಲ್ಲೇ.

ಮೊದಲು ಪ್ರಾರ್ಥನೆ ಕಲಿಯಿರಿ. ಇಲ್ಲಿನ ಕೊಂಕಣಿ ಕನ್ನಡ ಲಿಪಿಯಲ್ಲೇ ಇದೆ, ಓದಲು ಬರುತ್ತದೆ ಅಲ್ವಾ? ಸಂಜೆ ಜಪಮಾಲೆ ಪ್ರಾರ್ಥನೆ, ಅಂದರೆ ತೆರ್ಸ್‌ಗೆ ಕೂತಾಗ ಮರಿಯ ಮಾತೆಗೆ ವಂದಿಸುವ ‘ನಮಾನ್ ಮರಿಯೆ’ಯಿಂದ ಶುರು ಮಾಡಿ. ಒಂದು ಜಪಮಾಲೆಯಲ್ಲಿ 53 ಸಲ ಬರುತ್ತದೆ, ನಾಲಿಗೆಗೆ ಬೇಗ ಕೂರುತ್ತದೆ. ನನಗೂ ಹಾಗೇ ಬಂದದ್ದು.

ಆಮೇಲೆ ನಿಮ್ಮ ವಾಳೆಯ (ಚರ್ಚಿನ ವಾರ್ಡಿನ) ಗುರಿಕಾರರನ್ನು, ಅಂದರೆ ಮುಖಂಡರನ್ನು ಕೇಳಿ, ಮುಂದಿನ ಕೂಟ ಯಾರ ಮನೆಯಲ್ಲೋ ಅಲ್ಲಿಗೆ ಹೋಗಿ. ನಾಲ್ಕು ಮನೆಯವರ ನಡುವೆ ಗುರುತಾಗುವುದು ಸುಲಭ.

ಸೆಪ್ಟೆಂಬರ್ 8ರ ಮೊಂತಿ ಹಬ್ಬವನ್ನಂತೂ (ಮರಿಯ ಮಾತೆಯ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬ) ಬಿಡಬೇಡಿ. ಅದಕ್ಕೆ ಮುಂಚೆ 9 ದಿನ ಮಕ್ಕಳು ಮಾತೆಗೆ ಹೂ ತರುತ್ತಾರೆ. ಬುಟ್ಟಿ ಹಿಡಿಯಲು, ತೆನೆ ಹಂಚಲು ಕೈ ಬೇಕೇ ಬೇಕು. ಕರೆಯಲಿ ಎಂದು ಸುಮ್ನೆ ಕಾಯದೆ ‘ನಾನೂ ಬರ್ತೇನೆ’ ಎನ್ನಿ. ತೆನೆ ಬಿಡಿಸುತ್ತಾ ಕೂತಿದ್ದ ಹೆಂಗಸೊಬ್ಬರು ನನ್ನ ಹೆಸರು ಮೊದಲ ಸಲ ಕೇಳಿದ್ದು ಅಲ್ಲೇ.

ಅತ್ತೆಮನೆಯಲ್ಲಿ ಬೇರೆ ಮನಸ್ತಾಪ ಇದ್ದರೆ ಇಷ್ಟು ಸಾಕಾಗುತ್ತದೋ ಹೇಳಲಾರೆ. ಆಗ ಧರ್ಮಗುರುಗಳ ಹತ್ತಿರ ಕನ್ನಡದಲ್ಲೇ ಮಾತಾಡಿ.