ಐದೇ ದಿನದಲ್ಲಿ ಮೆದುಳಿನ ಗೆಡ್ಡೆ ಕರಗಿಸಿದ ಕಾರ್-ಟಿ ಚಿಕಿತ್ಸೆಯನ್ನು ಎಲ್ಲರಿಗೂ ಯಾಕೆ ಕೊಡುತ್ತಿಲ್ಲ?

ನೀವು ಓದಿದ ಸುದ್ದಿ ಸುಳ್ಳಲ್ಲ, ಅರ್ಧಕ್ಕೇ ನಿಂತಿದೆ ಅಷ್ಟೇ. ಕಾರ್-ಟಿ ಅಂದರೆ ಕ್ಯಾನ್ಸರ್ ಮೇಲೆ ಬೀಳುವಂತೆ ಬದಲಿಸಿದ, ರೋಗಿಯದೇ ರೋಗನಿರೋಧಕ ಕೋಶಗಳು. ನಾನು ಇಂಥ ಕೋಶಗಳನ್ನು ಬೆಳೆಸುವ ಲ್ಯಾಬಿನಲ್ಲಿದ್ದೇನೆ, ಉಳಿದರ್ಧ ಹೇಳ್ತೀನಿ.

ಅದು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಪ್ರಯೋಗ. 2024ರ ಮಾರ್ಚ್‌ನಲ್ಲಿ ವರದಿ ಬಂತು. ಗ್ಲಿಯೋಬ್ಲಾಸ್ಟೋಮಾ ಅನ್ನೋ ಉಗ್ರ ಮೆದುಳಿನ ಕ್ಯಾನ್ಸರ್ ಮರುಕಳಿಸಿದ್ದ ಮೂವರೇ ರೋಗಿಗಳು. 57 ವರ್ಷದ ಮಹಿಳೆಯೊಬ್ಬರಿಗೆ ಒಂದು ಡೋಸ್ ಕೊಟ್ಟ ಐದನೇ ದಿನ ಸ್ಕ್ಯಾನಿನಲ್ಲಿ ಗೆಡ್ಡೆ ಹೆಚ್ಚುಕಮ್ಮಿ ಮಾಯ. ಆದರೆ ಅವರಿಗೂ ಇನ್ನೊಬ್ಬರಿಗೂ ಅದು ಮತ್ತೆ ಬೆಳೆಯಿತು. ಒಬ್ಬರಿಗೆ ಮಾತ್ರ ಆರು ತಿಂಗಳು ದಾಟಿಯೂ ಕುಗ್ಗಿದಂತೆಯೇ ಉಳಿಯಿತು.

ಮತ್ತೆ ಯಾಕೆ ಬೆಳೀತು? ರೋಗಿಯ ರಕ್ತದಿಂದ ಟಿ ಕೋಶ ಅನ್ನೋ ಬಿಳಿ ರಕ್ತಕಣ ತೆಗೆದು, ಕ್ಯಾನ್ಸರ್ ಕೋಶದ ಮೈಮೇಲಿನ ಒಂದು ಗುರುತನ್ನು ಹಿಡಿಯುವಂತೆ ಅದಕ್ಕೆ ಹೊಸ ಜೀನ್ ಸೇರಿಸುತ್ತಾರೆ. ಕೆಲವು ರಕ್ತದ ಕ್ಯಾನ್ಸರ್‌ಗಳಲ್ಲಿ ಸಿಡಿ19 ಅನ್ನೋ ಗುರುತು ಬಹುತೇಕ ಎಲ್ಲ ಕೋಶಗಳ ಮೇಲೂ ಇರುತ್ತದೆ. ಗ್ಲಿಯೋಬ್ಲಾಸ್ಟೋಮಾದಲ್ಲಿ ಹಾಗಲ್ಲ, ಒಂದೇ ಗೆಡ್ಡೆಯಲ್ಲಿ ಪಕ್ಕಪಕ್ಕದ ಕೋಶಗಳ ಗುರುತು ಬೇರೆಬೇರೆ. ಗುರುತಿರುವುದು ಸಾಯುತ್ತದೆ, ಇಲ್ಲದ್ದು ಉಳಿದು ಬೆಳೆಯುತ್ತದೆ. ಅದಕ್ಕೇ ಈಗ ಎರಡೆರಡು ಗುರಿ ಇಡುತ್ತಿದ್ದಾರೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಹಾಗೆ ಮಾಡಿದಾಗ ಮೊದಲ ಆರೂ ರೋಗಿಗಳ ಗೆಡ್ಡೆ ಸ್ಕ್ಯಾನಿನಲ್ಲಿ ಚಿಕ್ಕದಾಯಿತು. ಹಾಗಿದ್ದೂ ಆ ಮೊದಲ ವರದಿಯಲ್ಲಿ ಚಿಕಿತ್ಸೆಗೆ ಸ್ಪಂದಿಸಿದರು ಅಂತ ಲೆಕ್ಕಕ್ಕೆ ಹಿಡಿಯುವ ಅಳತೆಗೆ ಒಬ್ಬರೂ ಮುಟ್ಟಲಿಲ್ಲ.

ಆ ಗುರುತುಗಳಲ್ಲೊಂದಾದ ಇಜಿಎಫ್‌ಆರ್ ನಮ್ಮ ಚರ್ಮದಲ್ಲೂ ಇದೆ. ಹಾಗಾಗಿ ಕೋಶಗಳನ್ನು ರಕ್ತಕ್ಕೆ ಬಿಡದೆ ನೇರ ಮೆದುಳಿನ ದ್ರವಕ್ಕೇ ಕೊಡುತ್ತಾರೆ. ತಲೆಯ ಚರ್ಮದಡಿ ಒಮ್ಮಾಯ ಅನ್ನೋ ಪುಟ್ಟ ಗುಮ್ಮಟ ಕೂರಿಸಿರುತ್ತಾರೆ, ಅದರಿಂದ ಮೆದುಳಿನೊಳಕ್ಕೆ ಸಣ್ಣ ನಳಿಕೆ. ಚರ್ಮದ ಮೇಲಿಂದಲೇ ಸೂಜಿ ಚುಚ್ಚಿ ಕೆಲವೇ ಎಂಎಲ್ ಬಿಡುವುದು. ನೋಡೋಕೆ ಏನೂ ಇಲ್ಲ. ಆಮೇಲೆ ಜ್ವರ, ಗೊಂದಲ. ಕೋಶ ಕೆಲಸ ಮಾಡಿದಷ್ಟೂ ಊತ, ತಲೆಬುರುಡೆಯೊಳಗೆ ಊತಕ್ಕೆ ಜಾಗವೆಲ್ಲಿದೆ? ಊತ ಇಳಿಸೋಕೆ ಡೆಕ್ಸಾಮೆಥಾಸೋನ್ ಕೊಟ್ಟರೆ ಅದೇ ಸ್ಟೀರಾಯ್ಡ್ ಟಿ ಕೋಶಗಳನ್ನೂ ಕುಗ್ಗಿಸುತ್ತದೆ. ನನಗೆ ಇಡೀ ಚಿಕಿತ್ಸೆಯಲ್ಲಿ ಕಷ್ಟ ಅನಿಸೋದು ಇದೇ.

ಇವೆಲ್ಲ ಮೊದಲ ಹಂತದ ಪ್ರಯೋಗಗಳು. ಎಷ್ಟು ಡೋಸ್ ಸುರಕ್ಷಿತ ಅನ್ನೋದೇ ಅಲ್ಲಿನ ಮುಖ್ಯ ಪ್ರಶ್ನೆ. ನಿಮ್ಮವರಿಗಾಗಿ ಕೇಳುತ್ತಿದ್ದರೆ, ಸರ್ಜರಿ, ರೇಡಿಯೇಷನ್, ಟೆಮೊಜೊಲೊಮೈಡ್ ಅನ್ನೋ ಕೀಮೋ ಔಷಧಿ ಯಾವುದನ್ನೂ ಇದಕ್ಕಾಗಿ ಸುಮ್ನೆ ಮುಂದೂಡಬೇಡಿ. ಪ್ರಯೋಗದವರ ಹತ್ತಿರ ಮೊದಲು ಎರಡು ವಿಷಯ ಕೇಳಿ: ಸ್ಟೀರಾಯ್ಡ್ ಎಷ್ಟರವರೆಗೆ ಒಪ್ಪುತ್ತಾರೆ, ಕೋಶ ತಯಾರಾಗುವ ವಾರಗಳಲ್ಲಿ ಗೆಡ್ಡೆಗೆ ಏನು ಚಿಕಿತ್ಸೆ ಕೊಡುತ್ತಾರೆ.