ಕಾರವಾರದ ‘ಚಪಲ್’ ಇನ್ನೂ ಜೋರಾಗಿ ಓಡಬೇಕಿತ್ತಾ?

ಪ್ರಶ್ನೆ: ಕಾರವಾರದ ಬೀಚಿನಲ್ಲಿ ನೌಕಾಪಡೆಯ ನಿವೃತ್ತ ಕ್ಷಿಪಣಿ ಹಡಗು ಐಎನ್‌ಎಸ್ ಚಪಲ್ ನೋಡಿ ಬಂದೆವು. ಇಷ್ಟು ಚಿಕ್ಕ ಹಡಗಿಗೆ ನಾಲ್ಕು ಕ್ಷಿಪಣಿ, 40 ನಾಟ್‌ಗೆ ಹತ್ತಿರದ ವೇಗ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್). ಹೊಸ ಎಂಜಿನ್ ಕೂರಿಸಿ 60 ನಾಟ್ ಓಡಿಸಿದರೆ ಶತ್ರುವಿನ ಕ್ಷಿಪಣಿಯಿಂದ ತಪ್ಪಿಸಿಕೊಳ್ಳಬಹುದಲ್ವಾ?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದರೂ ಮತ್ತೆ ಬರುತ್ತದೆ. ಯಾವುದೋ ವಿಡಿಯೋದಲ್ಲಿ ವೇಗದ ಪಟ್ಟಿ ತೋರಿಸಿ ‘ಇದೇ ನಂಬರ್ ಒನ್’ ಅನ್ನುತ್ತಾರೆ. ಟ್ಯಾಂಕಿನಲ್ಲಿ ಡೀಸೆಲ್ ಎಷ್ಟು ಹೊತ್ತಿಗೆ ಖಾಲಿ ಅಂತ ಅವರಲ್ಲಿ ಒಬ್ಬರೂ ಹೇಳುವುದಿಲ್ಲ. ನನಗೆ ಸಿಟ್ಟು ಬರುವುದು ಅದಕ್ಕೇ.

ಮೊದಲು ತಪ್ಪಿಸಿಕೊಳ್ಳುವ ಮಾತು. ಚಪಲ್ ಹೊತ್ತಿದ್ದಂಥ ಕ್ಷಿಪಣಿಯೇ ಸದ್ದಿನ ವೇಗಕ್ಕೆ ಹತ್ತಿರ ಹಾರುತ್ತದೆ. 40 ಕಿಲೋಮೀಟರ್ ದಾಟಲು ಅದಕ್ಕೆ ಎರಡು ನಿಮಿಷದ ಮೇಲೆ ಸ್ವಲ್ಪ ಸಾಕು. ಆ ಎರಡು ನಿಮಿಷದಲ್ಲಿ 30 ನಾಟ್ ಹಡಗು ಸುಮಾರು 1.8 ಕಿಲೋಮೀಟರ್ ಹೋದರೆ 40 ನಾಟ್ ಹಡಗು 2.5 ಹೋಗುತ್ತದೆ. ವ್ಯತ್ಯಾಸ 600 ಮೀಟರ್ ಚಿಲ್ಲರೆ. ಕ್ಷಿಪಣಿಯ ಮೂತಿಯಲ್ಲೇ ರಡಾರ್ ಇದೆ, ಹುಡುಕಿಕೊಂಡು ಬರುತ್ತದೆ. 1973ರಲ್ಲಿ ಸಿರಿಯಾದ ಲಟಾಕಿಯಾ ಬಳಿ ಇಸ್ರೇಲಿ ದೋಣಿಗಳು ಇದೇ ಜಾತಿಯ ಕ್ಷಿಪಣಿಗಳಿಂದ ಉಳಿದದ್ದು ಓಡಿ ಅಲ್ಲ. ಗಾಳಿಗೆ ಲೋಹದ ಚೂರು ತೂರಿ, ರಡಾರಿಗೆ ಸುಳ್ಳು ಸಂಕೇತ ಕೊಟ್ಟು ದಾರಿ ತಪ್ಪಿಸಿದರು.

ಇನ್ನು ವೇಗದ ಬೆಲೆ. ಚಪಲ್ ಉದ್ದ 38.6 ಮೀಟರ್. ಇಷ್ಟು ಉದ್ದದ ಹಡಗು ನೀರನ್ನು ಸೀಳಿಕೊಂಡು ಆರಾಮಾಗಿ ಹೋಗುವುದು 15 ನಾಟ್‌ವರೆಗೆ ಮಾತ್ರ. ಅದರಾಚೆ ತಾನೇ ಎಬ್ಬಿಸಿದ ಅಲೆಯನ್ನು ತಾನೇ ಹತ್ತಬೇಕು. ಒರಟು ಲೆಕ್ಕದಲ್ಲಿ, 30ರಿಂದ 40 ನಾಟ್‌ಗೆ ಏರಲು ಎರಡು ಪಟ್ಟಿಗಿಂತ ಜಾಸ್ತಿ ಶಕ್ತಿ ಬೇಕು. ಅದಕ್ಕೇ ಸುಮಾರು 245 ಟನ್ನಿನ ಆ ಒಡಲಿಗೆ ಮೂರು ಡೀಸೆಲ್ ಎಂಜಿನ್ ತುಂಬಿದ್ದರು. ಒಂದೊಂದಕ್ಕೂ 56 ಸಿಲಿಂಡರ್, ಒಟ್ಟು 15,000 ಎಚ್‌ಪಿ. 200 ಎಚ್‌ಪಿಯ ಬಸ್ಸಿನ ಲೆಕ್ಕದಲ್ಲಿ 75 ಬಸ್ಸು! ಹಗುರವಾಗಿರಲಿ ಅಂತ ಹಿಂಡಿ ಮಾಡಿದ ಎಂಜಿನ್ ಅದು. ಬೇಗ ಬೇಗ ಬಿಚ್ಚಿ ದುರಸ್ತಿ ಮಾಡಬೇಕು.

ಎಂಜಿನ್ ತಿಂದ ಜಾಗ ಇಂಧನಕ್ಕೆ ಇಲ್ಲ, ನೀರಿಗಿಲ್ಲ, ಮಲಗುವವರಿಗಿಲ್ಲ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿ ಮೇಲೆ ಎರಗಿದ ನಿಪಾತ್, ನಿರ್ಘಾತ್, ವೀರ್ ಇದೇ ವಂಶದವು. ದಾರಿಯಲ್ಲಿ ಅವನ್ನು ಹಗ್ಗ ಕಟ್ಟಿ ಎಳೆದೊಯ್ದರು, ಇಂಧನ ಉಳಿಯಲಿ ಅಂತ. ಜೊತೆಗೆ ಕಿಲ್ತಾನ್, ಕಚ್ಚಲ್ ಎಂಬ ದೊಡ್ಡ ಹಡಗುಗಳು, ಒಂದು ಟ್ಯಾಂಕರ್ ಬೇರೆ. ಆ ಗೆಲುವಿನ ಮುಕ್ಕಾಲು ಪಾಲು ಯೋಜನೆಯದ್ದು. ಬರೀ ವೇಗದ ಕಥೆ ಮಾಡಿದರೆ ಅಲ್ಲಿದ್ದವರಿಗೆ ಅನ್ಯಾಯ.

ಮೇಲಿನಿಂದ ಬರುವ ಅಪಾಯಕ್ಕೂ ವೇಗ ಮದ್ದಲ್ಲ. 1991ರಲ್ಲಿ ಪರ್ಷಿಯನ್ ಕೊಲ್ಲಿಯ ಬೂಬಿಯಾನ್ ದ್ವೀಪದ ಬಳಿ ಇರಾಕಿನ ವೇಗದ ದೋಣಿಗಳನ್ನು ಬ್ರಿಟಿಷ್ ಹೆಲಿಕಾಪ್ಟರುಗಳು ಒಂದೊಂದಾಗಿ ಹೊಡೆದವು. ಹೆಲಿಕಾಪ್ಟರಿಗೆ 40 ನಾಟ್ ಏನೂ ಅಲ್ಲ.

60 ನಾಟ್ ಹಡಗು ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ನಾರ್ವೆಯ ಶೋಲ್ಡ್ ಇದೆ, ಗಾಳಿಯ ಹಾಸಿನ ಮೇಲೆ ತೇಲುತ್ತದೆ. ಅಲ್ಲಿ ಅಡಗಲು ಬಂಡೆಗಳ ನಡುವಿನ ಕಡಲ ಸಂದುಗಳಿವೆ, ನೆಲೆಯೂ ಹತ್ತಿರ. ಅಮೆರಿಕ 40 ನಾಟ್ ದಾಟಬೇಕು ಅಂತ ಹಟ ಹಿಡಿದು ಸುಮಾರು 3,000 ಟನ್ನಿನ ಹಡಗುಗಳನ್ನು ಕಟ್ಟಿತು. ಡೀಸೆಲ್ ಮತ್ತು ಗ್ಯಾಸ್ ಟರ್ಬೈನ್ ಕೂಡಿಸುವ ಗೇರ್‌ಬಾಕ್ಸ್ ಕೆಲವು ಹಡಗುಗಳಲ್ಲಿ ಕೈಕೊಟ್ಟಿತು. ಅವುಗಳಲ್ಲಿ ಮೊದಲನೆಯದಾಗಿ 2008ರಲ್ಲಿ ಸೇವೆಗೆ ಬಂದ ಯುಎಸ್‌ಎಸ್ ಫ್ರೀಡಂ 2021ರಲ್ಲೇ ನಿವೃತ್ತಿ.

ನನ್ನ ಕೈಗೆ ಕೊಟ್ಟರೆ ಹತ್ತು ನಾಟ್ ಬಿಟ್ಟುಕೊಡುತ್ತೇನೆ. ಆ ತೂಕದಲ್ಲಿ ಒಳ್ಳೆಯ ರಡಾರ್, ಕ್ಷಿಪಣಿ ತಡೆಯುವ ಸಾಧನ, ಇನ್ನೊಂದಿಷ್ಟು ಡೀಸೆಲ್ ಇಡುತ್ತೇನೆ. ಮನುಷ್ಯರನ್ನೂ ನೆನೆಯಿರಿ. ಅಲೆ ಎದ್ದಾಗ ಇಂಥ ಹಡಗಿನಲ್ಲಿ ಮೊಣಕಾಲು ಸ್ವಲ್ಪ ಬಗ್ಗಿಸಿಯೇ ನಿಲ್ಲಬೇಕು. ನೆಟ್ಟಗೆ ನಿಂತರೆ ಪ್ರತಿ ಏಟೂ ಸೊಂಟಕ್ಕೆ. ಎರಡು ಗಂಟೆ ಹಾಗೆ ನಿಂತವರು ರಡಾರ್ ಪರದೆಯ ಮೇಲಿನ ಚುಕ್ಕಿಯನ್ನು ಸರಿಯಾಗಿ ಓದುತ್ತಾರೆ ಅಂದುಕೊಂಡಿದ್ದೀರಾ?

ಪ್ರಶ್ನೆ: ಚಿಕ್ಕ ಹಡಗಿಗೆ ಎಂಟು ಬ್ರಹ್ಮೋಸ್ ಹಾಕಿದರೆ?

ಉತ್ತರ: ಒಂದೊಂದೂ ಸುಮಾರು 3 ಟನ್, ಅದೂ ಡೆಕ್ಕಿನ ಮೇಲೆ. ತಲೆ ಮೇಲೆ ಹೊರೆ ಹೊತ್ತು ದೋಣಿಯಲ್ಲಿ ಎದ್ದು ನಿಂತ ಹಾಗೆ. ಬೇಡ.

ಪ್ರಶ್ನೆ: ಸ್ಟೆಲ್ತ್ ಬಣ್ಣ ಬಳಿದರೆ ರಡಾರಿಗೆ ಕಾಣುವುದೇ ಇಲ್ಲವಂತೆ?

ಉತ್ತರ: ಸುಳ್ಳು. ಹೆಚ್ಚಿನ ಕೆಲಸ ಆಕಾರದ್ದು. ಕಾಣುವುದು ಕಡಿಮೆಯಾಗುತ್ತದೆ, ಅಷ್ಟೇ.

ಪ್ರಶ್ನೆ: ಮಗಳು ಪಿಯುಸಿ. ಹಡಗು ವಿನ್ಯಾಸ ಕಲಿಯಬೇಕಂತೆ.

ಉತ್ತರ: ಖುಷಿಯಾಯಿತು. ಐಐಟಿ ಮದ್ರಾಸ್, ಖರಗ್‌ಪುರ, ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯ ಮೂರರಲ್ಲೂ ಇದೇ ವಿಷಯದ ಬಿ.ಟೆಕ್ ಇದೆ. ಗಣಿತ ಬಿಡಬಾರದು. ಇನ್ನೊಮ್ಮೆ ಚಪಲ್ ಹತ್ತಿರ ಹೋದಾಗ, ಹಿಂದಿನ ಎರಡು ಕ್ಷಿಪಣಿ ಡಬ್ಬಿಗಳು ಮುಂದಿನವಕ್ಕಿಂತ ಎತ್ತರ ಯಾಕಿವೆ ಅಂತ ಅವಳನ್ನೇ ಕೇಳಿ. ಮುಂದಿನ ಡಬ್ಬಿಯ ನೆತ್ತಿ ಮೇಲೆ ಹಾರಬೇಕಲ್ಲ, ಅದಕ್ಕೆ ಅಂದರೆ ಅರ್ಧ ಉತ್ತರ. ಅಷ್ಟು ಎತ್ತರಕ್ಕೆ ತೂಕ ಏರಿಸಿದ್ದಕ್ಕೆ ಹಡಗು ಎಷ್ಟು ಜಾಸ್ತಿ ವಾಲುತ್ತದೆ ಅನ್ನುವುದನ್ನೂ ಲೆಕ್ಕ ಹಾಕಿದರೆ ನನಗೆ ಬರೆಯಲಿ.